ಫೈಲ್ ಕಣ್ಣೆದುರೇ ಇದೆ, ಫೈರ್‌ಫಾಕ್ಸ್ ಮಾತ್ರ ಇಲ್ಲ ಅನ್ನುತ್ತೆ

ಪ್ರಶ್ನೆ:
ಸರ್, ನಾನು ಹೈಸ್ಕೂಲ್ ಟೀಚರ್. ಹೋದ ವಾರ ಲ್ಯಾಪ್‌ಟಾಪ್‌ಗೆ ಉಬುಂಟು ಲಿನಕ್ಸ್ 22.04 ಹಾಕಿಸಿಕೊಂಡೆ. ನಾನೇ ಮಾಡಿದ ವಿಜ್ಞಾನ ಪಾಠಗಳೆಲ್ಲ ಎರಡನೇ ಹಾರ್ಡ್‌ಡಿಸ್ಕ್‌ನಲ್ಲಿವೆ, ಎಲ್ಲ ಎಚ್‌ಟಿಎಂಎಲ್ ಫೈಲ್‌ಗಳು. ಆ ಡಿಸ್ಕನ್ನು /ಡೇಟಾ ಅನ್ನೋ ಫೋಲ್ಡರ್‌ಗೆ ಮೌಂಟ್ ಮಾಡಿಕೊಟ್ಟಿದ್ದಾರೆ, ಅಂದರೆ ಡಿಸ್ಕಿನಲ್ಲಿರುವುದೆಲ್ಲ ಆ ಫೋಲ್ಡರಿನಲ್ಲಿ ಕಾಣುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಫೈರ್‌ಫಾಕ್ಸ್ ಬರುತ್ತದೆ, ಆದರೆ ಫೈಲ್ ಸಿಗಲಿಲ್ಲ ಅನ್ನುತ್ತದೆ. ಅದೇ ಫೈಲ್ ಟೆಕ್ಸ್ಟ್ ಎಡಿಟರ್‌ನಲ್ಲಿ ಆರಾಮಾಗಿ ತೆರೆಯುತ್ತದೆ. ಪರ್ಮಿಷನ್ ತೊಂದರೆ ಇರಬೇಕು ಅಂತ ಯಾರೋ ಹೇಳಿದರು. ಇಡೀ ಫೋಲ್ಡರ್‌ಗೆ ಸಿಎಚ್‌ಮಾಡ್ 777 ಕೊಟ್ಟೆ, ಅಂದರೆ ಯಾರು ಬೇಕಾದರೂ ಓದಿ ಬರೆಯಬಹುದು ಅಂತ ಮಾಡಿದೆ. ಏನೂ ಬದಲಾಗಲಿಲ್ಲ. ಸೋಮವಾರ ಕ್ಲಾಸಿಗೆ ಬೇಕು.

ಉತ್ತರ:
ಮೇಡಂ, ಮೊದಲು ಆ 777 ವಾಪಸ್ ತೆಗೆಯಿರಿ. ಫೋಲ್ಡರ್‌ಗಳಿಗೆ 755, ಫೈಲ್‌ಗಳಿಗೆ 644 ಸಾಕು, ಬದಲಾಯಿಸುವ ಹಕ್ಕು ನಿಮಗೆ ಮಾತ್ರ, ಉಳಿದವರಿಗೆ ಓದಲಷ್ಟೇ. ಲಿನಕ್ಸ್‌ನಲ್ಲಿ ಏನೇ ಕೆಟ್ಟರೂ 777 ಅನ್ನೋರು ಜಾಸ್ತಿ. ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಮಾತ್ರೆ ಕೊಟ್ಟ ಹಾಗೆ!

ಬ್ರೌಸರ್ ಏನು ಹೇಳಿತು ಅನ್ನೋದನ್ನು ಬರೆದಿದ್ದು ಒಳ್ಳೆಯದಾಯಿತು. ಓದಲು ಅನುಮತಿ ಇಲ್ಲ ಅಂದಿದ್ದರೆ ಬೇರೆ ಮಾತು. ಅದು ಸಿಗಲೇ ಇಲ್ಲ ಅನ್ನುತ್ತಿದೆ. ನಿಜವಾಗಿಯೂ ಅದಕ್ಕೆ ಕಾಣುತ್ತಿಲ್ಲ.

22.04ರಲ್ಲಿ ಫೈರ್‌ಫಾಕ್ಸ್ ಬರುವುದು ಸ್ನ್ಯಾಪ್ ಪ್ಯಾಕೇಜ್ ಆಗಿ, ಅಂದರೆ ಉಳಿದ ಸಿಸ್ಟಂನಿಂದ ಬೇರ್ಪಡಿಸಿದ ಒಂದು ಡಬ್ಬಿಯೊಳಗೆ. ಟರ್ಮಿನಲ್‌ನಲ್ಲಿ "ಸ್ನ್ಯಾಪ್ ಲಿಸ್ಟ್" ಕೊಟ್ಟು ನೋಡಿ, ಪಟ್ಟಿಯಲ್ಲಿ ಹೆಸರು ಇರುತ್ತದೆ. ಸ್ನ್ಯಾಪ್‌ನೊಳಗಿನ ಪ್ರೋಗ್ರಾಂಗೆ ಕಾಣುವ ರೂಟ್ ಫೋಲ್ಡರ್ (ಎಲ್ಲಕ್ಕೂ ಮೇಲಿನದು) ನಿಮ್ಮ ಕಂಪ್ಯೂಟರಿನದ್ದಲ್ಲ, ಸ್ನ್ಯಾಪ್‌ನದ್ದೇ ಬೇರೆ. ಅದರಲ್ಲಿ ನಿಮ್ಮ /ಡೇಟಾ ಇಲ್ಲವೇ ಇಲ್ಲ. ಹೋಮ್ ಫೋಲ್ಡರ್ ಕಾಣುತ್ತದೆ, ಆದರೆ ಅದರಲ್ಲೂ ಚುಕ್ಕಿಯಿಂದ ಶುರುವಾಗುವ ಅಡಗಿಸಿದ ಫೋಲ್ಡರ್‌ಗಳನ್ನು ಮುಟ್ಟುವಂತಿಲ್ಲ. ತಾತ್ಕಾಲಿಕ ಫೈಲುಗಳ ಜಾಗ /ಟಿಎಂಪಿ ಕೂಡ ಪ್ರತಿ ಸ್ನ್ಯಾಪ್‌ಗೆ ಬೇರೆ ಬೇರೆ.

ಒಂದು ಪಾಠದ ಫೋಲ್ಡರನ್ನು ಹೋಮ್‌ಗೆ ಕಾಪಿ ಮಾಡಿ ತೆರೆಯಿರಿ. ತೆರೆದರೆ ಕಾಯಿಲೆ ಇದೇ. ಸೋಮವಾರದ ಕ್ಲಾಸಿಗೂ ಅಷ್ಟು ಸಾಕು. ಶಾರ್ಟ್‌ಕಟ್, ಅಂದರೆ ಸಿಮ್‌ಲಿಂಕ್, ಮಾಡಿ ತಪ್ಪಿಸಿಕೊಳ್ಳೋಣ ಅಂದರೆ ಆಗಲ್ಲ. ಲಿಂಕ್ ಎಲ್ಲಿಗೆ ಹೋಗುತ್ತದೋ ಆ ಜಾಗವನ್ನೇ ಸ್ನ್ಯಾಪ್ ನೋಡುತ್ತದೆ.

ಪೂರ್ತಿ ಸರಿ ಮಾಡಲು ಡಿಸ್ಕನ್ನು /ಎಂಎನ್‌ಟಿ ಒಳಗೆ ಮೌಂಟ್ ಮಾಡಿ. ಅಲ್ಲಿ ಡೇಟಾ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಹಳೆಯ ಜಾಗ ಅಳಿಸಿ ಇದನ್ನು ಬರೆಯಿರಿ. ಆಮೇಲೆ ಸುಮ್ನೆ ರೀಸ್ಟಾರ್ಟ್ ಮಾಡಬೇಡಿ. ಹಳೆಯದನ್ನು ಅನ್‌ಮೌಂಟ್ ಮಾಡಿ, "ಸುಡೊ ಮೌಂಟ್ -ಎ" ಕೊಡಿ. ತಪ್ಪಿದ್ದರೆ ಅಲ್ಲೇ ಬೈಯುತ್ತದೆ. ತಪ್ಪು ಎಫ್‌ಎಸ್‌ಟ್ಯಾಬ್ ಇಟ್ಟುಕೊಂಡು ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆಯ ಎಮರ್ಜೆನ್ಸಿ ಮೋಡ್‌ನಲ್ಲಿ ಕೂರಬೇಕಾದೀತು.

ಇದರ ಜೊತೆಗೆ ಇನ್ನೊಂದು ಕೆಲಸ ಇದೆ. "ಸ್ನ್ಯಾಪ್ ಕನೆಕ್ಷನ್ಸ್ ಫೈರ್‌ಫಾಕ್ಸ್" ಕೊಟ್ಟು ರಿಮೂವಬಲ್-ಮೀಡಿಯಾ ಅನ್ನೋ ಸಾಲು ಹುಡುಕಿ. ಮೂರನೇ ಕಾಲಂನಲ್ಲಿ ಬರೀ ಗೀಟು ಇದ್ದರೆ "ಸುಡೊ ಸ್ನ್ಯಾಪ್ ಕನೆಕ್ಟ್ ಫೈರ್‌ಫಾಕ್ಸ್:ರಿಮೂವಬಲ್-ಮೀಡಿಯಾ" ಕೊಡಿ. /ಎಂಎನ್‌ಟಿ ಮತ್ತು /ಮೀಡಿಯಾ ಎರಡಕ್ಕೂ ಬಾಗಿಲು ಇದೇ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲ ಯಾಕೆ ಸರ್, ಸ್ನ್ಯಾಪ್ ಕಿತ್ತು ಡೆಬ್, ಅಂದರೆ ಆ ಡಬ್ಬಿ ಇಲ್ಲದ ಮಾಮೂಲಿ ಪ್ಯಾಕೇಜ್, ಹಾಕಿದರೆ ಆಯ್ತಲ್ವಾ? ನನಗಂತೂ ಕಂಟ್ರೋಲ್ ಓ ಒತ್ತಿ ತೆರೆದರೆ ಪುಟ ಬರುತ್ತಿತ್ತು, ಚಿತ್ರವೂ ಇಲ್ಲ, ಬಣ್ಣವೂ ಇಲ್ಲ.

ಉತ್ತರ:
ಹಾಕಬಹುದು. 2024ರ ಜನವರಿಯಿಂದ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದವರೇ ಡೆಬ್ ಕೊಡುತ್ತಿದ್ದಾರೆ. ಆದರೆ ಉಬುಂಟುವಿನ ಪ್ಯಾಕೇಜ್ ಮತ್ತೆ ನುಗ್ಗದ ಹಾಗೆ, ಪ್ಯಾಕೇಜ್ ಹಾಕುವ ಪ್ರೋಗ್ರಾಂ ಆದ ಆಪ್ಟ್‌ಗೆ ಆದ್ಯತೆ ಬರೆದಿಡಬೇಕು. ಕ್ಲಾಸಿನ ಹಿಂದಿನ ದಿನ ಮಾಡುವ ಕೆಲಸ ಅಲ್ಲ.

ನಿಮ್ಮ ಚಿತ್ರ ಮಾಯವಾಗಿದ್ದಕ್ಕೆ ಅಡ್ರೆಸ್ ಬಾರ್ ನೋಡಬೇಕಿತ್ತು. /ರನ್/ಯೂಸರ್/1000/ಡಾಕ್ ಅಂತ ಶುರುವಾಗಿತ್ತು ಅನ್ನಿಸುತ್ತೆ. ಆಗ ನೀವು ಆರಿಸಿದ ಆ ಒಂದು ಫೈಲ್ ಮಾತ್ರ ಒಳಗೆ ಹೋಗಿದೆ. ಪಕ್ಕದಲ್ಲಿದ್ದ, ಪುಟಕ್ಕೆ ಬಣ್ಣ ಕೊಡುವ ಸಿಎಸ್‌ಎಸ್, ಚಿತ್ರ ಎಲ್ಲ ಹೊರಗೇ ಉಳಿದಿವೆ.

ಪ್ರಶ್ನೆ ಕೇಳಿದವರು:
ತೆರೆಯಿತು ಸರ್! ಮೂರನೇ ಕಾಲಂನಲ್ಲಿ ಗೀಟೇ ಇತ್ತು. ಆದರೆ ಕ್ವಿಜ್ ಪುಟ ಮಾತ್ರ ಖಾಲಿ. ಅದು ಪ್ರಶ್ನೆಗಳನ್ನು ಪಕ್ಕದ ಜೇಸನ್ ಫೈಲ್‌ನಿಂದ ಓದುತ್ತದೆ.

ಉತ್ತರ:
ಇದಕ್ಕೂ ಸ್ನ್ಯಾಪ್‌ಗೂ ಸಂಬಂಧ ಇಲ್ಲ. 2019ರ ಫೈರ್‌ಫಾಕ್ಸ್ 68ರಿಂದ, ಡಿಸ್ಕ್‌ನಿಂದ ನೇರ ತೆರೆದ ಪುಟದ ಸ್ಕ್ರಿಪ್ಟ್ ಪಕ್ಕದ ಫೈಲ್ ಓದುವಂತಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಪುಟ ನಿಮ್ಮ ಡೌನ್‌ಲೋಡ್ ಫೋಲ್ಡರ್‌ನ ಬೇರೆ ಫೈಲ್‌ಗಳನ್ನೆಲ್ಲ ಓದಿಬಿಟ್ಟರೆ ಕಷ್ಟ ಅಲ್ವಾ? ಸೆಟ್ಟಿಂಗ್ ಬದಲಿಸಿ ಇದನ್ನು ಸಡಿಲ ಮಾಡಲು ಹೋಗಬೇಡಿ.

ಪಾಠಗಳ ಫೋಲ್ಡರ್‌ನಲ್ಲಿ ಟರ್ಮಿನಲ್ ತೆರೆದು "ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000 --ಬೈಂಡ್ 127.0.0.1" ಕೊಡಿ. ಬ್ರೌಸರ್‌ನಲ್ಲಿ 127.0.0.1:8000 ಅಂತ ಹಾಕಿ. ಆಗ ಪುಟ ಡಿಸ್ಕಿನಿಂದ ನೇರ ಅಲ್ಲ, ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಪುಟ್ಟ ಸರ್ವರಿನಿಂದ ಬರುತ್ತದೆ. ಆ ಬೈಂಡ್ ಬಿಡಬೇಡಿ. ಬಿಟ್ಟರೆ ಅದೇ ವೈಫೈನಲ್ಲಿರುವ ಮಕ್ಕಳ ಮೊಬೈಲ್‌ಗೂ ಇಡೀ ಫೋಲ್ಡರ್ ಕಾಣಬಹುದು, ಕ್ವಿಜ್ ಉತ್ತರ ಸಮೇತ! ಟರ್ಮಿನಲ್ ಮುಚ್ಚಿದರೆ ಸರ್ವರ್ ನಿಲ್ಲುತ್ತದೆ, ಕ್ಲಾಸ್ ಮುಗಿಯೋವರೆಗೆ ಹಾಗೇ ಬಿಟ್ಟಿರಿ.