ಸಿ ಡ್ರೈವ್ ತುಂಬಿದೆ, ಎಸ್‌ಎಸ್‌ಡಿ ಬದಲಿಸಬೇಕಾ?

ಪ್ರಶ್ನೆ (ಗೋಣಿಕೊಪ್ಪ): ನಮಸ್ಕಾರ ಸರ್. ತೋಟದ ಆಫೀಸಿನ ಡೆಸ್ಕ್‌ಟಾಪ್, ಎಂಟನೇ ಜನರೇಶನ್ ಐ5, 8 ಜಿಬಿ ರ‍್ಯಾಮ್. ವಿಂಡೋಸ್ ಇರುವುದು 240 ಜಿಬಿ ಸಾಟಾ (ಕೇಬಲ್‌ನಲ್ಲಿ ಜೋಡಿಸಿದ) ಎಸ್‌ಎಸ್‌ಡಿಯಲ್ಲಿ, ಸಿ ಡ್ರೈವ್‌ನಲ್ಲಿ 9 ಜಿಬಿ ಮಾತ್ರ ಖಾಲಿ. ಟ್ಯಾಲಿ, ಚೆಕ್‌ರೋಲ್ (ಕಾರ್ಮಿಕರ ಹಾಜರಿ-ಸಂಬಳದ ಪಟ್ಟಿ) ಎಕ್ಸೆಲ್, ಕ್ರೋಮ್ ಒಟ್ಟಿಗೆ ತೆರೆದರೆ ಎಲ್ಲ ನಿಂತೇ ಹೋಗುತ್ತದೆ. ಡ್ರೈವ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹೆಲ್ತ್ 93%. 500 ಜಿಬಿ ಎನ್‌ವಿಎಂಇ (ಬೋರ್ಡ್‌ನ ಎಂ.2 ಸ್ಲಾಟ್‌ಗೆ ಕೂರುವ, ಹೆಚ್ಚು ವೇಗದ ಎಸ್‌ಎಸ್‌ಡಿ) ಹಾಕಿದರೆ ಸರಿಹೋಗುತ್ತದಾ?

ಉತ್ತರ: 93% ಅಂದರೆ ಡ್ರೈವ್ ಸವೆದಿಲ್ಲ, ತುಂಬಿದೆ ಅಷ್ಟೆ. ಖಾಲಿ ಜಾಗ ಕಡಿಮೆಯಾದಷ್ಟೂ ಎಸ್‌ಎಸ್‌ಡಿ ಬರೆಯುವುದು ನಿಧಾನ. 240 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 223 ಎಂದು ಕಾಣುತ್ತದೆ, ಅದರಲ್ಲಿ 35–40 ಜಿಬಿ ಖಾಲಿ ಇರಲಿ. ಮೊದಲು ಡೌನ್‌ಲೋಡ್ಸ್, ವಾಟ್ಸ್‌ಆ್ಯಪ್ ವಿಡಿಯೊ, ಹಳೆಯ ವಿಂಡೋಸ್ ಅಪ್‌ಡೇಟ್ ಫೈಲ್‌ಗಳನ್ನು ತೆಗೆಯಿರಿ.

ಆಮೇಲೆ ಆ ಮೂರನ್ನೂ ತೆರೆದು ಟಾಸ್ಕ್ ಮ್ಯಾನೇಜರ್ ನೋಡಿ. ಮೆಮೊರಿ 90% ದಾಟಿ, ಜೊತೆಗೇ ಡಿಸ್ಕ್ 100%ಗೆ ಹೋದರೆ ಕೊರತೆ ರ‍್ಯಾಮ್‌ನದು. ವಿಂಡೋಸ್ ಆ ಕೊರತೆಯನ್ನು ಡಿಸ್ಕ್‌ನಿಂದ ತುಂಬಿಸಿಕೊಳ್ಳುತ್ತಿದೆ. ಆಗ ಇನ್ನೊಂದು 8 ಜಿಬಿ ಸ್ಟಿಕ್ ಹಾಕುವುದೇ ಸರಿ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ, ಜೆನ್3 ಎನ್‌ವಿಎಂಇ 3500ರವರೆಗೆ ಓದುತ್ತದೆ ನಿಜ. ಆದರೆ ಆ ಅಂತರ ದೊಡ್ಡ ಫೈಲ್ ಕಾಪಿ ಮಾಡುವಾಗ ಕಾಣುತ್ತದೆ, ಟ್ಯಾಲಿ ತೆರೆಯುವಾಗ ಹೆಚ್ಚೇನೂ ಗೊತ್ತಾಗುವುದಿಲ್ಲ.

ಇನ್ನೊಂದು: ಅದೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿ7 ಸಾಲು, ಅಂದರೆ ಸಿಆರ್‌ಸಿ ಎರರ್ (ಡೇಟಾ ಸಾಗುವಾಗ ಆದ ದೋಷಗಳ ಎಣಿಕೆ), ಇದೆಯಾ ನೋಡಿ. ಅದು ದಿನದಿನಕ್ಕೆ ಏರುತ್ತಿದ್ದರೆ ಬಹುಪಾಲು ಸಾಟಾ ಕೇಬಲ್‌ನದೇ ತೊಂದರೆ. ನಮ್ಮ ಮಳೆಗಾಲದ ತೇವಕ್ಕೆ ಕನೆಕ್ಟರ್ ಕೆಡುವ ಸಾಧ್ಯತೆ ಇದೆ. ಡ್ರೈವ್ ಮೇಲೆ ಅನುಮಾನಪಡುವ ಮೊದಲು ಕೇಬಲ್ ಬದಲಿಸಿ ನೋಡಿ.

ಪ್ರಶ್ನೆ: ಮೆಮೊರಿ 94% ಇತ್ತು ಸರ್, ರ‍್ಯಾಮ್ ತರಿಸುತ್ತೇನೆ. ಆದರೆ ಎಷ್ಟು ಅಳಿಸಿದರೂ 20 ಜಿಬಿ ಮೇಲೆ ಖಾಲಿಯಾಗುತ್ತಿಲ್ಲ. ಡ್ರೈವ್ ಕೂಡ ಬದಲಿಸುವುದಾದರೆ?

ಉತ್ತರ: ಹಾಗಿದ್ದರೆ ಬದಲಿಸಿ, ಜಾಗಕ್ಕಾಗಿ. ಕೊಳ್ಳುವ ಮೊದಲು ಬೋರ್ಡ್‌ನ ಮ್ಯಾನ್ಯುಯಲ್ ತೆಗೆಯಿರಿ. ಕೆಲವು ಎಂ.2 ಸ್ಲಾಟ್ ಸಾಟಾ ಮಾತ್ರ ಹಿಡಿಯುತ್ತವೆ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಸ್ಲಾಟ್ ಹೊಂದದಿದ್ದರೆ 500 ಜಿಬಿ ಸಾಟಾ ಎಸ್‌ಎಸ್‌ಡಿಯೇ ಸಾಕು.

ಟ್ಯಾಲಿ ಡೇಟಾವನ್ನು ಪೆನ್‌ಡ್ರೈವ್‌ಗೆ ಬೇರೆಯಾಗಿ ಬ್ಯಾಕಪ್ ತೆಗೆದು, ಬಿಟ್‌ಲಾಕರ್ (ವಿಂಡೋಸ್‌ನ ಡ್ರೈವ್ ಎನ್‌ಕ್ರಿಪ್ಶನ್) ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟು, ನಂತರ ಕ್ಲೋನ್ಜಿಲ್ಲಾ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಡ್ರೈವನ್ನು ಹೊಸದಕ್ಕೆ ಕ್ಲೋನ್ (ಯಥಾವತ್ ನಕಲು) ಮಾಡಿ. ಸೋರ್ಸ್, ಟಾರ್ಗೆಟ್ ಎರಡನ್ನೂ ಸೈಜ್ ನೋಡಿ ಖಚಿತಪಡಿಸಿಕೊಳ್ಳಿ. ಅದಲುಬದಲಾದರೆ ಇದ್ದ ಡೇಟಾ ಹೋಯಿತು. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ.

ಕ್ಲೋನ್ ಮುಗಿದ ಮೇಲೆ ಶಟ್‌ಡೌನ್ ಮಾಡಿ, ಹಳೆಯ ಡ್ರೈವ್‌ನ ಕೇಬಲ್ ಕಳಚಿಯೇ ಮೊದಲ ಸಲ ಬೂಟ್ ಮಾಡಿ. ಎರಡೂ ಇದ್ದರೆ ಹಳೆಯದರಿಂದಲೇ ಬೂಟ್ ಆಗಿ, ನಿಮಗೆ ಗೊತ್ತೇ ಆಗದಿರಬಹುದು. ಬೂಟ್ ಆದ ಮೇಲೂ ಸಿ ಡ್ರೈವ್ ಸುಮಾರು 223 ಜಿಬಿಯೇ ಕಾಣುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿದ್ದರೆ, ನಡುವೆ ರಿಕವರಿ ಪಾರ್ಟಿಷನ್ ಕೂತಿದೆ ಎಂದರ್ಥ. ಜಿಪಾರ್ಟೆಡ್ ಎಂಬ ಪಾರ್ಟಿಷನ್ ತಂತ್ರಾಂಶದಲ್ಲಿ ಅದನ್ನು ಕೊನೆಗೆ ಸರಿಸಿ, ಮತ್ತೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಹಿಗ್ಗಿಸಿ.

ಹಳೆಯ ಡ್ರೈವ್ ಒಂದು ತಿಂಗಳು ಫಾರ್ಮ್ಯಾಟ್ ಮಾಡದೆ ಹಾಗೇ ಇಟ್ಟುಕೊಳ್ಳಿ.