ಮನೆ ಕಂಪ್ಯೂಟರಿನ ಫೈರ್‌ವಾಲ್ ಪರೀಕ್ಷೆ ಮಾಡಬಹುದಾ? ಮಾಡಿದವರು ಅನುಭವ ಹೇಳಿ

ಕೇಳಿದವರು, ಉಡುಪಿ ಕುಂಜಿಬೆಟ್ಟು:
ಮೊನ್ನೆಯ ಸಿಡಿಲಿಗೆ ನಮ್ಮ ರೂಟರ್ ಸುಟ್ಟುಹೋಯಿತು. ಕೇಬಲ್‌ನವರು ಬಂದು ಹೊಸದು ಹಾಕಿ ಹೋದರು. ನಾನು ಮನೆಯಲ್ಲೇ ನಾಲ್ಕೈದು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ಕಂಪ್ಯೂಟರಿನಲ್ಲಿ ಬೇರೆಯವರ ಲೆಕ್ಕವೂ ಉಂಟು, ಅದೇ ಚಿಂತೆ. ಹೊರಗಿನವರನ್ನು ತಡೆಯುವ ಫೈರ್‌ವಾಲ್ ಸರಿ ಇದೆಯಾ ಅಂತ ಆನ್‌ಲೈನ್‌ನಲ್ಲಿ ಪರೀಕ್ಷೆ ಮಾಡು ಎಂದು ತಮ್ಮ ಹೇಳಿದ. ಹೊರಗಿನಿಂದ ನಮ್ಮ ಬಾಗಿಲು ಬಡಿದು ನೋಡುವುದಂತೆ. ಬಡಿಯಲಿಕ್ಕೆ ಬಿಟ್ಟು, ಒಳಗೇ ಬಂದುಬಿಟ್ಟರೆ?

ಮಂಗಳೂರು ಬಿಜೈಯಿಂದ:
ಅಕ್ಕಾ, ಬಡಿಯುವುದಕ್ಕೆ ಹೆದರಬೇಡಿ. ನಾನು ಹಂಪನಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಈ ಪರೀಕ್ಷೆಯನ್ನು ತುಂಬಾ ಸಲ ಮಾಡಿದ್ದೇನೆ. ನೆಟ್‌ನಲ್ಲಿರುವ ಪ್ರತಿ ವಿಳಾಸಕ್ಕೂ 1ರಿಂದ 65,535ರವರೆಗೆ ಪೋರ್ಟ್‌ಗಳು, ಅಂದರೆ ನಂಬರ್ ಹಾಕಿದ ಬಾಗಿಲುಗಳು, ಇರುತ್ತವೆ. ಪರೀಕ್ಷೆ ಒಂದೊಂದಕ್ಕೂ ಸಣ್ಣ ಸಂದೇಶ ಕಳಿಸಿ, ಉತ್ತರ ಬರುತ್ತದಾ ಎಂದು ಕಾಯುತ್ತದೆ, ಅಷ್ಟೇ. ಉತ್ತರ ಬಂದರೆ ತೆರೆದಿದೆ. 'ಇಲ್ಲಿ ಯಾರೂ ಇಲ್ಲ' ಎಂದು ಬಂದರೆ ಮುಚ್ಚಿದೆ. ಏನೂ ಬರದಿದ್ದರೆ ಇನ್ನೂ ಒಳ್ಳೆಯದು. ನೀವು ಪರೀಕ್ಷೆ ಮಾಡಿದರೂ ಬಿಟ್ಟರೂ ಯಾರ್‍ಯಾರೋ ಹಗಲು ರಾತ್ರಿ ಹೀಗೆ ಬಡಿಯುತ್ತಲೇ ಇರುತ್ತಾರೆ. ಸ್ಟೀವ್ ಗಿಬ್ಸನ್ ಅವರ ಶೀಲ್ಡ್ಸ್‌ಅಪ್ ಎಷ್ಟೋ ವರ್ಷಗಳಿಂದ ಇರುವ ಉಚಿತ ಪರೀಕ್ಷೆ. ಮೊದಲ 1,056 ಪೋರ್ಟ್ ನೋಡುತ್ತದೆ, ಏನೂ ಉತ್ತರ ಬರದ ಪೋರ್ಟನ್ನು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ಏನನ್ನೂ ಡೌನ್‌ಲೋಡ್ ಮಾಡಬೇಕಾಗಿಲ್ಲ.

ನನಗೆ ಹೆದರಿಕೆ ಇರುವುದು ಅದರ ಹಸಿರು ಬಣ್ಣದ್ದು. ಒಬ್ಬರು ನಿಧಾನ ಆಗಿದೆ ಎಂದು ಲ್ಯಾಪ್‌ಟಾಪ್ ತಂದಿದ್ದರು. ಮನೆಯಲ್ಲಿ ಪರೀಕ್ಷೆ ಮಾಡಿದ್ದೇನೆ, ಪೂರ್ತಿ ಹಸಿರು ಬಂತು ಎಂದರು. ತೆಗೆದು ನೋಡಿದರೆ ವಿಂಡೋಸ್ ಫೈರ್‌ವಾಲ್ ಆಫ್! ಹಿಂದೆ ಯಾವಾಗಲೋ ಪ್ರಿಂಟರ್ ಓಡಲಿಲ್ಲ ಎಂದು ಯಾರೋ ಆಫ್ ಮಾಡಿದವರು ಮತ್ತೆ ಆನ್ ಮಾಡಲೇ ಇಲ್ಲ. ಹಸಿರು ಬಂದದ್ದು ರೂಟರಿನದ್ದು. ಹೊರಗಿನ ಪರೀಕ್ಷೆ ಗೇಟಿನವರೆಗೆ ಬರುತ್ತದೆ, ಮನೆ ಬಾಗಿಲಿಗೆ ಚಿಲಕ ಹಾಕಿದ್ದೀರಾ ಎಂದು ಅದಕ್ಕೆ ಕಾಣುವುದಿಲ್ಲ. ಅದೇ ಲ್ಯಾಪ್‌ಟಾಪ್ ಬಸ್‌ಸ್ಟ್ಯಾಂಡಿನ ವೈಫೈಗೆ ಹೋದರೆ ಗೇಟೂ ಇಲ್ಲ, ಚಿಲಕವೂ ಇಲ್ಲ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು 445ನೇ ಪೋರ್ಟಿನಿಂದ. ಒಂದು ಕಂಪ್ಯೂಟರಿಗೆ ಹೊಕ್ಕರೆ ಅದೇ ನೆಟ್‌ವರ್ಕಿನ ಉಳಿದವುಗಳಿಗೂ ತಾನಾಗಿಯೇ ಹೋಗುತ್ತಿತ್ತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರಿಗೆ ಪೆಟ್ಟು ಬಿತ್ತು.

ಹಾಗಾಗಿ ಮೊದಲು ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ ತೆಗೆದಿಡಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಡೊಮೈನ್ (ಆಫೀಸಿನ ನೆಟ್‌ವರ್ಕ್), ಪ್ರೈವೇಟ್ (ಮನೆಯದ್ದು), ಪಬ್ಲಿಕ್ (ಹೊರಗಿನ ವೈಫೈ) ಮೂರಕ್ಕೂ ಫೈರ್‌ವಾಲ್ ಆನ್ ಇದೆಯಾ ನೋಡಿ. ಗೊತ್ತಿರುವವರು ಮನೆಗೆ ಬಂದರೆ ಇನ್ನೊಂದು ಲ್ಯಾಪ್‌ಟಾಪಿನಿಂದ ಎನ್‌ಮ್ಯಾಪ್ ಎಂಬ ಪೋರ್ಟ್ ಪರೀಕ್ಷೆಯ ಸಾಫ್ಟ್‌ವೇರ್ ಓಡಿಸಿ ನಿಮ್ಮ ಕಂಪ್ಯೂಟರನ್ನೇ ನೇರ ಬಡಿದು ನೋಡಬಹುದು. ಏನು ವ್ಯತ್ಯಾಸ ಬರುತ್ತದೆ ನೋಡೋಣ ಎಂದು ಫೈರ್‌ವಾಲ್ ಆಫ್ ಮಾಡಿ ಮಾತ್ರ ಪರೀಕ್ಷೆ ಮಾಡಬೇಡಿ.

ಸುರತ್ಕಲ್‌ನಿಂದ:
ನಮ್ಮ ಅಪ್ಪ ಫೈರ್‌ವಾಲ್ ಪರೀಕ್ಷೆ ಎಂದು ಹುಡುಕಿ, ಮೇಲೆ ಬಂದ ಜಾಹೀರಾತನ್ನೇ ಒತ್ತಿದರು. ಸ್ಕ್ರೀನ್ ಪೂರ್ತಿ ಕೆಂಪು, ಸೈರನ್ ಸದ್ದು, 'ಕೂಡಲೇ ಈ ನಂಬರಿಗೆ ಫೋನ್ ಮಾಡಿ'. ಅಪ್ಪ ಮಾಡಿಯೇಬಿಟ್ಟರು. ಆಚೆಯವನು ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸಿದ. ಮೌಸ್ ತನ್ನಷ್ಟಕ್ಕೇ ಓಡುವುದನ್ನು ಅಮ್ಮ ನೋಡಿ ರೂಟರಿನ ವಯರ್ ಎಳೆದರು. ಹಣ ಹೋಗಲಿಲ್ಲ, ಅಪ್ಪನ ಕೈ ನಡುಗುವುದು ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ. ದಯವಿಟ್ಟು ಹುಡುಕಿ ಒತ್ತಬೇಡಿ, ಗೊತ್ತಿರುವ ವಿಳಾಸವನ್ನು ನೀವೇ ಟೈಪ್ ಮಾಡಿ. ಫೋನ್ ನಂಬರ್ ಕೊಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬ್ರಹ್ಮಾವರದಿಂದ:
ಬಿಜೈಯವರ ಮಾತಿಗೆ ಒಂದು ಸೇರಿಸುತ್ತೇನೆ. ಕೆಲವು ಕಡೆ ಆ ಗೇಟೂ ನಮ್ಮದಲ್ಲ. ಒಂದೇ ವಿಳಾಸವನ್ನು ತುಂಬಾ ಮನೆಗಳಿಗೆ ಹಂಚುವ ಕ್ರಮ ಉಂಟು, ಸಿಜಿನ್ಯಾಟ್ ಎನ್ನುತ್ತಾರೆ. ರೂಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ, ಪರೀಕ್ಷೆ ಬಡಿಯುವುದು ಕಂಪನಿಯ ಪೆಟ್ಟಿಗೆಯನ್ನು, ನಿಮ್ಮದನ್ನಲ್ಲ. ಐಪಿವಿ6 ಎಂಬ ಹೊಸ ರೀತಿಯ ವಿಳಾಸ ಇದ್ದರೆ ಕಥೆ ಬೇರೆ. ಅಲ್ಲಿ ಪ್ರತಿ ಫೋನಿಗೂ ಕಂಪ್ಯೂಟರಿಗೂ ಸ್ವಂತ ವಿಳಾಸ. ರೂಟರಿನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇರಲೇಬೇಕು. ಇನ್ನು, ಎನ್‌ಮ್ಯಾಪ್ ನಿಮ್ಮ ಮನೆಯೊಳಗೆ ಮಾತ್ರ. ಆಫೀಸಿನಲ್ಲೋ ಪಕ್ಕದ ಮನೆಯ ವೈಫೈಯಲ್ಲೋ ಕೇಳದೆ ಓಡಿಸಿದರೆ 2000ದ ಐಟಿ ಕಾಯ್ದೆಯ ತಂಟೆಗೆ ಸಿಕ್ಕಿಕೊಳ್ಳಬಹುದು.

ಕುಂಜಿಬೆಟ್ಟು:
ಎಲ್ಲರಿಗೂ ತುಂಬಾ ಉಪಕಾರ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದೆ. ಪರೀಕ್ಷೆ ಹಸಿರೇ ಬಂತು, ಆದರೆ ವ್ಯಾನ್ ವಿಳಾಸ 100.72 ಅಂತ ಶುರುವಾಗುತ್ತದೆ. ಹೊಸ ರೂಟರಿನ ಪಾಸ್‌ವರ್ಡ್ 'ಅಡ್ಮಿನ್' ಅಂತಲೇ ಇತ್ತು, ಬದಲಿಸಿದೆವು. ಹೊರಗಿನಿಂದ ರೂಟರ್ ನಡೆಸುವ ರಿಮೋಟ್ ಮ್ಯಾನೇಜ್‌ಮೆಂಟ್ ಆನ್ ಇತ್ತು, ಒಳಗಿನ ಆ್ಯಪ್‌ಗಳು ತಾವೇ ಪೋರ್ಟ್ ತೆರೆಯಲಿಕ್ಕೆ ಬಿಡುವ ಯುಪಿಎನ್‌ಪಿ ಕೂಡ. ಎರಡನ್ನೂ ಆಫ್ ಮಾಡಿದೆವು. ಕಂಪ್ಯೂಟರಿನಲ್ಲಿ ಪ್ರೈವೇಟ್ ಫೈರ್‌ವಾಲ್ ಆಫ್ ಇತ್ತು ಅಣ್ಣಾ! ಆನ್ ಮಾಡಿದ ಕೂಡಲೇ ಮಗನ ಲ್ಯಾಪ್‌ಟಾಪಿನಿಂದ ನನ್ನ ಪ್ರಿಂಟರಿಗೆ ಪ್ರಿಂಟ್ ಹೋಗುವುದು ನಿಂತಿದೆ. ಈಗ ಎಂತ ಮಾಡುವುದು?

ಬಿಜೈ:
ಆಫ್ ಮಾಡಬೇಡಿ ಅಕ್ಕಾ. ಫೈರ್‌ವಾಲ್ ಪುಟದಲ್ಲೇ ಆ್ಯಪ್‌ಗಳಿಗೆ ಅನುಮತಿ ಕೊಡುವ ಜಾಗ ಉಂಟು. ಅಲ್ಲಿ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎದುರು ಪ್ರೈವೇಟ್‌ಗೆ ಮಾತ್ರ ಟಿಕ್ ಹಾಕಿ, ಪಬ್ಲಿಕ್ ಬೇಡ. ಹೀಗೆ ಮಾಡಿದರೆ 445 ಮನೆಯೊಳಗೆ ತೆರೆದುಕೊಳ್ಳುತ್ತದೆ. ಹಾಗಾಗಿ ಮಗನ ಲ್ಯಾಪ್‌ಟಾಪಿನ ಅಪ್‌ಡೇಟೂ ಇವತ್ತೇ ಮುಗಿಸಿ.