ಮೈನ್‌ಸ್ವೀಪರ್ ಅಂದರೆ 'ಗಣಿ ಗುಡಿಸುವ ಹಡಗು' ಸರಿಯಾ?

ಎಲ್ಲರಿಗೂ ನಮಸ್ಕಾರ. ಮೊದಲನೇ ಮಹಾಯುದ್ಧದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಗೆ ಬಂದ ಹಳೇ ಕರಡಿನಲ್ಲಿ ಮೈನ್‌ಸ್ವೀಪರ್‌ಗೆ, ಅಂದರೆ ಕಡಲಲ್ಲಿ ಇಟ್ಟ ಬಾಂಬುಗಳನ್ನು ತೆಗೆಯುವ ಹಡಗಿಗೆ, 'ಗಣಿ ಗುಡಿಸುವ ಹಡಗು' ಅಂತಿದೆ. ನಾನು ಕೋಲಾರದವನು, ನಮ್ಮಲ್ಲಿ ಮೈನ್ಸ್ ಅಂದರೆ ಕೆಜಿಎಫ್. 3 ಕಿಲೋಮೀಟರ್ ಆಳದ ಚಾಂಪಿಯನ್ ರೀಫ್ ಗಣಿಗೆ ಹಡಗು ಯಾಕಪ್ಪಾ ಇಳಿಸಿದರು ಅಂತ ಜನ ಕೇಳುತ್ತಾರೆ.

ಈ ಮೈನ್ ನೀರೊಳಗಿನ ಬಾಂಬು. ಕಡಲ ತಳದಲ್ಲಿ ಒಂದು ಭಾರ, ಅದಕ್ಕೆ ಕಟ್ಟಿದ ತಂತಿ, ಆ ತಂತಿಯ ತುದಿಗೆ ಕಣ್ಣಿಗೆ ಬೀಳದಷ್ಟು ಕೆಳಗೆ ತೇಲುವ ಬಾಂಬು. ಹಾಗಂತ ಗಣಿಯ ನಂಟು ಸುಮ್ನೆ ಬಂದದ್ದೂ ಅಲ್ಲ. ಹಿಂದೆ ಕೋಟೆ ಗೋಡೆಯ ಕೆಳಗೆ ತೋಡಿ, ಮದ್ದು ತುಂಬಿ ಉರುಳಿಸುತ್ತಿದ್ದರಲ್ಲ, ಆ ತೋಡಿನ ಹೆಸರೇ ಸಿಡಿಯುವ ವಸ್ತುವಿಗೂ ಅಂಟಿಕೊಂಡಿತು. ಹಿಂದಿ, ಮರಾಠಿಯಲ್ಲಿ 'ಸುರಂಗ'ಕ್ಕೂ ಹೀಗೇ ಆಗಿದೆ. ನಮಗೆ ಸುರಂಗ ಅಂದರೆ ರೈಲು ನುಗ್ಗುವ ಬಿಲ, ಅಷ್ಟೇ. ನೆಲಬಾಂಬ್ ಹೇಗೂ ಬಳಕೆಯಲ್ಲಿದೆ, ಕಡಲಬಾಂಬ್ ಅಂದರೆ ಆಗಲ್ವಾ?

ಜಾಸ್ತಿ ತಲೆಕೆಡಿಸಿದ್ದು 'ಗುಡಿಸು'. ಪೊರಕೆ ಕಣ್ಮುಂದೆ ಬರುತ್ತದೆ. ನಿಜವಾಗಿ ನಡೆಯುತ್ತಿದ್ದದ್ದು ಬೇರೆ. ಬ್ರಿಟನ್ನಿನ ನೌಕಾಪಡೆ ಗ್ರಿಮ್ಸ್‌ಬಿಯಂಥ ಬಂದರುಗಳ ಮೀನು ಹಿಡಿಯುವ ಟ್ರಾಲರ್‌ಗಳನ್ನು ಆಳುಗಳ ಸಮೇತ ಕರೆದುಕೊಂಡಿತು, ಯಾಕಂದರೆ ಭಾರದ ಬಲೆ ಎಳೆದು ಅವರಿಗೆ ಅಭ್ಯಾಸ, ಹಗ್ಗ ಸುತ್ತಿ ಎಳೆಯುವ ಯಂತ್ರ, ವಿಂಚು, ಕೂಡ ಹಡಗಿನಲ್ಲೇ ಇತ್ತು. ಎರಡು ಹಡಗು ಜೋಡಿಯಾಗಿ ಸಾಗುತ್ತಾ ನಡುವೆ ಒಂದು ಉಕ್ಕಿನ ಹಗ್ಗವನ್ನು ನೀರೊಳಗೆ ಎಳೆಯುತ್ತಿದ್ದವು. ಅದು ಬಾಂಬಿನ ತಂತಿ ಕತ್ತರಿಸಿದರೆ ಬಾಂಬು ಮೇಲೆ ಬರುತ್ತದೆ, ಆಮೇಲೆ ಬಂದೂಕಿನಿಂದ ಹೊಡೆಯುವುದು. ಒಂದೇ ಹಡಗು ಎಳೆಯುವ ಸಲಕರಣೆ ನಂತರ ಬಂತು, ಅದಕ್ಕೆ ಒರೊಪೆಸಾ ಅಂತ ಒಂದು ಟ್ರಾಲರ್‌ನ ಹೆಸರೇ ಬಿತ್ತು.

ಓದಿದ ಕೂಡಲೇ ನನಗೆ ನೆನಪಾದದ್ದು ರಾಗಿ ಹೊಲದ ಕುಂಟೆ. ಮಣ್ಣಿನೊಳಗೆ ಹೋಗಿ ಕಳೆಯ ಬೇರು ಕೊಯ್ಯುತ್ತದೆ, ಕಳೆ ಮೇಲೆ ಬಿದ್ದಿರುತ್ತದೆ. 'ಬಾಂಬು ಕುಂಟೆ ಹಡಗು' ಅಂದರೆ ನಗುತ್ತೀರಿ, ಗೊತ್ತು. ಆದರೆ ಗುಡಿಸುವುದಕ್ಕಿಂತ ಇದೇ ಹತ್ತಿರ ಅಲ್ವಾ?

ಇನ್ನೊಂದು, ನೌಕಾಪಡೆ ಹೀಗೆ ಕರೆದುಕೊಂಡ ಹಡಗುಗಳಿಗೆ ಕರಡಿನಲ್ಲಿ 'ಸಹಾಯಕ ಹಡಗು' ಅಂತಿದೆ. ಸಪ್ಪೆ. 'ಎರವಲು ಹಡಗು' ಅನ್ನೋಣ ಅಂತಿದ್ದೇನೆ, ಯುದ್ಧ ಮುಗಿದ ಮೇಲೆ ಉಳಿದವು ಎಷ್ಟೋ ಮೀನಿಗೇ ವಾಪಸ್ ಹೋದವು. ಆದರೆ 1917ರಲ್ಲಿ ಬೊಂಬಾಯಿ ಹತ್ತಿರ ಬಾಂಬು ಬಿತ್ತಿ ಮಂಗೋಲಿಯಾ ಅನ್ನೋ ಹಡಗು ಮುಳುಗಲು ಕಾರಣವಾದ ಜರ್ಮನಿಯ ವೂಲ್ಫ್ ಕೂಡ ಮೊದಲು ಸರಕಿನ ಹಡಗೇ. ಅದಕ್ಕೂ ಎರವಲು ಅನ್ನಬೇಕಾ?

ಮಲ್ಪೆ, ಮಂಗಳೂರು ಕಡೆಯವರು ಯಾರಾದರೂ ಇದ್ದರೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದಕ್ಕೆ ಏನು ಅನ್ನುತ್ತೀರಿ?